ಡಬ್ಬಿಯೊಳಗೆ ಒಂಬತ್ತು ದಿನ

ಹೋದ ವರ್ಷ ಮೂರೇ ಮೂರು ದಿನಕ್ಕೆ ಭರತ ತಪ್ಪಿತು.
ಹಂಗಾರಕಟ್ಟೆಯ ಕೆಸರಲ್ಲಿ ಬೋಟು
ಹುಣ್ಣಿಮೆಯ ತನಕ ಕೂತಿತ್ತು, ಹೊಸ ಬಣ್ಣದಲ್ಲಿ,
ಬಸ್ಸು ತಪ್ಪಿಸಿಕೊಂಡ ನೆಂಟನ ಹಾಗೆ.
ತೇಜಪ್ಪ ಕುಂದರ್ ದಿನಾ ಬಂದು ನೋಡಿ ಹೋಗುವರು.
ಬೈದಿದ್ದರೆ ಆಗುತ್ತಿತ್ತು.

ಯಾರೂ ಸೋಮಾರಿಗಳಲ್ಲ, ಅದೇ ವಿಚಿತ್ರ.
ಏಳು ದಿನದ ಕೆಲಸಕ್ಕೆ ಪುರಂದರಾಚಾರಿ ಹತ್ತು ಎಂದ,
ಮಳೆಗೆ ಇರಲಿ ಎಂದು.
ಹತ್ತು ಎಂದ ಮೇಲೆ ಹತ್ತೂ ಬೇಕು:
ಮೊದಲ ಮೂರು ಉಳಿಗೆ ಸಾಣೆ ಹಿಡಿಯುವುದರಲ್ಲೇ ಹೋಯಿತು,
ಮಳೆ ಹಿಡಿದು ಕೂತದ್ದು ಕೊನೆಯ ನಾಲ್ಕು ದಿನ.
ಹಸನಬ್ಬ ಬೇಗ ಮುಗಿಸಿಯೂ ಹೇಳಲಿಲ್ಲ.
ಹೇಳಿದರೆ ಮುಂದಿನ ಸಲ ಅಷ್ಟೇ ದಿನ ಕೊಡ್ತೀರಲ್ಲ ಅಕ್ಕ.
ಎಂಜಿನ್ನಿನ ಲ್ಯಾನ್ಸಿ ಕಾದು ಕಾದು
ಗಂಗೊಳ್ಳಿಯ ಕೆಲಸಕ್ಕೆ ಹೋಗಿದ್ದ.

ಈ ಸಲ ಜೂನ್ ಒಂದಕ್ಕೇ ಚಾ ಮಾಡಿ ಕೂರಿಸಿದೆ.
ನಿಜ ಹೇಳಿ, ಎಷ್ಟು ಬೇಕು?
ಮಿಕ್ಕದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಡಿ,
ಇದರಲ್ಲಿ ಹಾಕಿ.
ಬಿಸ್ಕತ್ತಿನ ಡಬ್ಬಿ. ಒಂದು ಚೀಟಿಗೆ ಒಂದು ದಿನ.
ತೆಗೆಯುವವರು ಎಲ್ಲರ ಎದುರು ತೆಗೆಯಬೇಕು,
ಯಾಕೆಂದು ಹೇಳಿ.

ಪುರಂದರ ಏಳಕ್ಕೇ ಮುಗಿಸಿದ,
ಕೈ ತೊಳೆಯುವ ಮೊದಲು ಲ್ಯಾನ್ಸಿಗೆ ಫೋನು.
ರೆಸಿನ್ ಒಣಗದ ವಾರ ನಾಲ್ಕು ಚೀಟಿ ಹೋಯಿತು:
ಟಾರ್ಪಾಲಿನ ಕೆಳಗೆ ಫೈಬರು
ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟುತ್ತಿತ್ತು.
ಹಸನಬ್ಬನ ಮಗಳ ಹೆರಿಗೆಗೆ ಒಂದು,
ಎರಡು ತಗೊಳ್ಳಿ ಎಂದರೂ ಒಂದೇ.
ತಪ್ಪು ಅಳತೆಯ ಶಾಫ್ಟು ಬಂದು ನಾಲ್ಕು.
ಆ ಅಂಗಡಿಯವನ ಹೆಸರು ಇಲ್ಲಿ ಬೇಡ.

ಆಟಿ ಅಮಾಸೆಗೆ ಎರಡು ದಿನ ಇರುವಾಗ
ಪುರಂದರ ಅಡಿಮರದ ಬೋಲ್ಟು ತಟ್ಟಿ ಕಿವಿಯಿಟ್ಟ.
ಸದ್ದು ಸರಿ ಇಲ್ಲ. ಬಿಚ್ಚಬೇಕು. ಒಂದು ದಿನ.
ನಾನು ಡಬ್ಬಿ ಕವುಚಿ ತೋರಿಸಿದೆ.

ಅಕ್ಕ, ಅವತ್ತು ನಾನು ಹಾಕಿದ್ದು ಮೂರು,
ಹಸನಬ್ಬ ನಾಲ್ಕು, ಇವ ಮೂರು.
ಕೂಡಿಸಲಿಕ್ಕೆ ನಮಗೂ ಬರ್ತದೆ.

ಜೂನಿನಿಂದ ಗೊತ್ತಿತ್ತು ಅವನಿಗೆ.

ಮನೆಗೆ ನಡೆದೆ. ಕುಚ್ಚಲಕ್ಕಿಯ ಡ್ರಮ್ಮಿನ ಹಿಂದಿನಿಂದ
ಹತ್ತನೆಯ ಚೀಟಿ ತಂದೆ,
ಎಲ್ಲರ ಎದುರು ತೆಗೆದೆ, ಯಾಕೆಂದೂ ಹೇಳಿದೆ.
ಹಸನಬ್ಬ ಮಾತ್ರ ನಕ್ಕ.

ಅಮಾಸೆಯ ದಿನ ಹನ್ನೊಂದೂ ಮುಕ್ಕಾಲಿಗೆ ನೀರು ಗೆರೆ ಮುಟ್ಟಿತು.
ಗಂಟಲಲ್ಲಿ ಇನ್ನೂ ಪಾಲೆ ಕಷಾಯದ ಕಹಿ,
ಉರುಳುಮರ ಕಿರ್ರೆಂದಿತು.