ಮರಿಗೆ

ಹಟ್ಟಿಯ ಕಡೆಯಿಂದ ಇಳಿದು ಬರುವ ಹಳ್ಳಕ್ಕೆ
ಈ ಬೇಸಿಗೆ ಮೊಣಕಾಲಷ್ಟೇ ನೀರು.
ಪೈಪು ಚುಚ್ಚಿ, ಬಾಯಿಗೆ ಅಂಗೈ ಒತ್ತಿ, ಮೆಲ್ಲಗೆ ಎಳೆಯುತ್ತೇನೆ.
ಕೆಸರು ನಿಂತ ಹಾಗೇ ಬರುತ್ತದೆ.
ಕಬ್ಬಿನ ಗಣಿಕೆಯಂತೆ ಗೇಣುಗೇಣಿಗೆ ಕೊಯ್ದು
ನಸೀಮಾ ಮೇಡಂ ಚೀಟಿ ಅಂಟಿಸುತ್ತಾರೆ:
ಮೇಲಿನದು ಹೋದ ಮಳೆಗಾಲ,
ಅದರ ಕೆಳಗೆ ನಾನು ಸಾಲಿ ಬಿಟ್ಟ ವರ್ಷ,
ಇನ್ನೂ ಕೆಳಗೆ, ಕಪ್ಪಗೆ, ಬೆಣ್ಣೆಯಷ್ಟು ನುಣ್ಣಗೆ
ನಮ್ಮ ಆಯಿ, ಅಮರಮ್ಮ.

ಇದೇ ದಂಡೆಗೆ ಕುಕ್ಕರಗಾಲಲ್ಲಿ ಕುಂತು
ಮರಿಗೆಯಲ್ಲಿ ಮರಳು ತಿರುವುತ್ತಿದ್ದಳು.
ಇಡೀ ದಿನಕ್ಕೆ ಅರ್ಧ ಗುಲಗಂಜಿ ಬಂಗಾರ,
ಎಷ್ಟೋ ದಿನ ಅದೂ ಇಲ್ಲ.
"ಹಗುರಿದ್ದದ್ದು ಹರಕೊಂಡು ಹೋಗತೈತಿ,
ಭಾರಿದ್ದದ್ದು ಎಲ್ಲಿಗೂ ಹೋಗಂಗಿಲ್ಲ ನೋಡು,
ತಳಕ್ಕ ಕುಂತು ನಮ್ಮ ದಾರಿ ಕಾಯತೈತಿ."
ಆಮೇಲೆ ಸೀಸೆಯಿಂದ ಎರಡು ಹನಿ ಪಾದರಸ.
ಓಡಾಡಿ ಓಡಾಡಿ ಕಣ ನುಂಗಿದ್ದನ್ನು
ಸೆರಗಿನಲ್ಲಿ ಹಿಂಡಿ ಕುಳ್ಳಿನ ಕೆಂಡಕ್ಕಿಡುವಳು.
ಸಿಡಿದದ್ದು ಹಳ್ಳದ ಪಾಲು,
ಹೊಗೆ ಅವಳ ಪಾಲು.

ಕಡೆಗಾಲಕ್ಕೆ ಬಸಿಯಲ್ಲಿ ಚಹಾ ನಿಲ್ಲುತ್ತಿರಲಿಲ್ಲ.
ಗಾಳಿ ಸೋಕೈತಿ ಅಂದರು, ತಾಯತ ಕಟ್ಟಿದರು.
ನಿದ್ದೆಯಲ್ಲೂ ಮಣಿಕಟ್ಟು ತಿರುಗುತ್ತಿತ್ತು
ಕೌದಿಯ ಮೇಲೆ ಇಲ್ಲದ ಮರಿಗೆ ತೊಳೆದಂತೆ.

ಈಗ ಅದೇ ಕೆಸರಿಗೆ ನಾನು ದಿನಗೂಲಿ.
ಹತ್ತಿಕಟ್ಟಿಗೆಯ ಇದ್ದಿಲಿಗೆ ಗಂಧಕ ಬೆರೆಸಿ
ತಳದ ಮೇಲೆ ನಾಲ್ಕು ಬೆರಳು ಹಾಸಬೇಕು;
ಗಂಧಕ ಸಿಕ್ಕರೆ ಪಾದರಸ ತಿರುಗಾಟ ಬಿಡುತ್ತದಂತೆ.
ತೀರ ಕೆಟ್ಟ ಜಾಗದ್ದನ್ನು ಮಾತ್ರ ಎತ್ತಿ ಚೀಲ ಕಟ್ಟಬೇಕು.
"ಕದಡಬೇಡಿ, ಕದಡಿದರೆ ಮೀನಿಗೆ ಹೋಗುತ್ತೆ" ಅನ್ನುತ್ತಾರೆ ಮೇಡಂ.
ಅದನ್ನು ನನಗೆ ಹೇಳಬೇಕಿಲ್ಲ.
ಕದಡದೆ ತೆಗೆಯುವುದೊಂದೇ ನಮ್ಮ ಮನೆತನದ ವಿದ್ಯೆ.

ರಾಯಚೂರಿನಿಂದ ಹಾಳೆ ಬಂತು, ಕಿಲೋಗೆ ಇಷ್ಟು ಮಿಲಿಗ್ರಾಂ.
ಇಡೀ ಮಡುವಿಗೆ ಎಷ್ಟು ಗುಲಗಂಜಿ ಆತ್ರಿ, ಕೇಳಿದೆ.
ಮೇಡಂ ನಕ್ಕು, ಮೊಬೈಲಿನಲ್ಲಿ ಲೆಕ್ಕ ಮಾಡಿದರು.
ಆಮೇಲೆ ನಗಲಿಲ್ಲ.
ಯಾರು ಹಾಕಿದ್ದು ಇದನ್ನೆಲ್ಲ?
ಹಳೇದು, ಅಂದೆ.

ಮೊನ್ನೆ ನಲವತ್ತೊಂದನೇ ಚೀಲದ ಬಾಯಲ್ಲಿ
ಬಿಸಿಲಿಗೆ ಒಂದು ಹಳದಿ ಚುಕ್ಕೆ,
ಸಾಸಿವೆಯ ಕಾಲುಭಾಗ ಇದ್ದೀತು,
ಬಿಳಿ ಪೊರೆ ಹೊದ್ದುಕೊಂಡು.
ಯಾವ ದಿನ ಅವಳ ಕೈತಪ್ಪಿತ್ತೋ,
ಆ ದಿನ ಮನೆಯಲ್ಲಿ ಏನು ಉಂಡರೋ.
ಚೀಲಕ್ಕೇ ಬಿಟ್ಟು ದಾರ ಬಿಗಿದೆ.

ಸಂಜೆ ಕೈಗವಸು ಕಳಚಿ, ಸೋಪು ಹಚ್ಚಿ ಎರಡು ಸಲ ತೊಳೆದು
ದುರುಗಪ್ಪನ ಅಂಗಡಿಯಲ್ಲಿ ಚಹಾ.
ಬಸಿಯನ್ನು ತುಸು ಹೊತ್ತು ಹಾಗೇ ಎತ್ತಿ ಹಿಡಿದಿರುತ್ತೇನೆ.
"ಯಾಕೋ, ಭಾಳ ಬಿಸಿ ಐತೇನು?" ಅನ್ನುತ್ತಾನೆ.
ಹೂಂ ಅನ್ನುತ್ತೇನೆ.