ರವಿವಾರ ತೋಪಿಲ್ಲ

ಹಳೆಯ ಡ್ಯೂಟಿ ಚೀಟಿಯ ಬೆನ್ನಿಗೆ ಬರೆದೆ,
ರಾತ್ರಿ ಎರಡೂವರೆಗೆ. ನ್ಯೂಕಾಸಲ್‌ನ ಆ ವೃದ್ಧಾಶ್ರಮದಲ್ಲಿ
ಇಪ್ಪತ್ತೆರಡು ಜನ ಮಲಗಿದ್ದರು,
ಒಬ್ಬಳು ಎದ್ದಿದ್ದಳು.

ಶನಿವಾರ. ಎಡಿನ್‌ಬರಾ. ಒಂದೇ ದಿನ.
ನಸುಕಿನ ರೈಲು. ಒಂಬತ್ತರೊಳಗೆ ವೇವರ್ಲಿ ಸ್ಟೇಷನ್ನು.
ಕೋಟೆ. ಅರಮನೆ. ಎರಡರ ನಡುವೆ
ಒಂದು ಮೈಲಿಯ ಕಲ್ಲುಹಾಸು, ಅದರ ಸಂದಿಗೊಂದಿ.
ಮ್ಯೂಸಿಯಂ, ಪುಕ್ಕಟೆ.
ಗುಡ್ಡ. ಇನ್ನೊಂದು ಗುಡ್ಡ.
ಪಟ್ಟಿ ಕಾಗದದ ತುದಿ ಮುಟ್ಟಿ, ಬಾಗಿ,
ಅಂಚು ಹಿಡಿದು ಮೇಲಕ್ಕೆ ಹತ್ತತೊಡಗಿತು.

ಅಬ್ಬಾ ನೋಡಿದ್ದರೆ ನಗುತ್ತಿದ್ದ.
ವಿಜಾಪುರದ ಸ್ಟೇಷನ್ನಿನೆದುರು ಮೂವತ್ತು ವರ್ಷ
ಟಾಂಗಾ ಹೊಡೆದವನು,
ಬಾದಶಹರ ಊರನ್ನು ದಿನದ ಲೆಕ್ಕದಲ್ಲಿ ತೋರಿಸಿದವನು:
“ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್.
ಮೂರ ಸಾಕ್ರೀ ಸಾಹೇಬ್ರ.
ನಾಕನೇದು ನೋಡಿದ್ರ ಮೊದಲನೇದು ಮರೀತೀರಿ.
ಕುದುರಿಗೂ ನೀರು ಬೇಕಲ್ಲ.”

ನನಗೆ ಗುಮ್ಮಟವೆಂದರೆ, ಸಾಲಿಯಿಂದ ಬರುವಾಗ
ಎಡಗಡೆ ಇರುತ್ತಿದ್ದದ್ದು, ಅಷ್ಟೇ.
ಒಳಗೆ ಹೋದದ್ದು ಒಮ್ಮೆ,
ಸೊಲ್ಲಾಪುರದ ಬೀಗರು ಬಂದಾಗ.
ಏಳು ಸಲ ತಿರುಗಿ ಬರುವ ದನಿಗೆ ಕೊಡಲು
ನನ್ನ ಹತ್ತಿರ ಮಾತೇ ಇರಲಿಲ್ಲ.
ಕೆಮ್ಮಿದೆ.
ಏಳು ಸಲ ಕೆಮ್ಮಿತು.

ಎದ್ದಿದ್ದವಳು ಹದಿನಾಲ್ಕನೇ ಕೋಣೆಯ ಇಶೊಬೆಲ್,
ತೊಂಬತ್ತೊಂದು, ಹುಟ್ಟಿದ್ದು ಲೀತ್ ಬಂದರಿನಲ್ಲಿ.
ಚೀಟಿ ಕಸಿದುಕೊಂಡು, ಕನ್ನಡ ಬಂದವಳಂತೆ
ಸಾಲಿನಡಿ ಬೆರಳಿಟ್ಟು ಒಂದೊಂದೇ ಕೇಳಿದಳು.
ಕೋಟೆಯೇ? ಹೊಡೆದುಹಾಕು, ಆ ದುಡ್ಡಿಗೆ
ಒಳ್ಳೆಯ ಕೈಗವಸು ಬರುತ್ತದೆ.
ಅರಮನೆ? ಅವರು ನಮ್ಮ ಮನೆಗೆ ಎಂದಾದರೂ ಬಂದಿದ್ದರೆ?
ಗುಡ್ಡ ಇರಲಿ. ಒಂದು. ಟೋಪಿ ಹಾರಿದರೆ
ಬೆನ್ನು ಹತ್ತಬೇಡ.

ಆಮೇಲೆ ಮುಂಗೈಯ ಗಡಿಯಾರ ಬಿಚ್ಚಿ
ನನ್ನ ಅಂಗೈಯಲ್ಲಿಟ್ಟಳು. ಕೀಲಿ ಕೊಡುವಂಥದು,
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವಂಥದು.
“ಮಧ್ಯಾಹ್ನ ಒಂದಕ್ಕೆ ಕೋಟೆಯ ಮೇಲಿಂದ ತೋಪು ಹಾರಿಸುತ್ತಾರೆ.
ಅದಕ್ಕೆ ಸರಿಮಾಡಿಕೊಂಡು ಬಾ.
ಇಲ್ಲಿಯ ಗೋಡೆ ಗಡಿಯಾರವನ್ನು ನಾನು ನಂಬುವುದಿಲ್ಲ.”

ಬರೆದುಕೊಂಡೆ: ೧ ಗಂಟೆ, ತೋಪು.
ಅಡಿಗೆರೆ ಎರಡು.

ಆರಕ್ಕೆ ಮ್ಯಾನೇಜರ್ ಡೆನೀಸ್ ಬಂದವಳೇ, ಕೋಟೂ ತೆಗೆಯದೆ,
ನನ್ನ ಹೆಸರಿನಿಂದ ಪಕ್ಕದ ಚೌಕಕ್ಕೆ ಬಾಣ ಎಳೆದಳು.
ಶನಿವಾರ ಜನ ಸಾಲದು; ರಜೆ ರವಿವಾರ.
“ಊರೇನು ಓಡಿಹೋಗುತ್ತದೆಯೆ?”
ಊರು ಓಡಿಹೋಗುವುದಿಲ್ಲ.
ರವಿವಾರ ಮೊದಲ ರೈಲೇ ತಡ.
ರವಿವಾರ ತೋಪಿಲ್ಲ.

ಹೇಳಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಷ್ಟು ಹೊತ್ತು
ಗಡಿಯಾರ ಕೈಯಲ್ಲಿ ಬೆಚ್ಚಗಾಯಿತು.
ಹೇಳಿದೆ. ಅವಳು ಬಿಸ್ಕತ್ತು ಅದ್ದುವುದನ್ನು ನಿಲ್ಲಿಸಲಿಲ್ಲ.
“ರವಿವಾರವೂ ನಮ್ಮಮ್ಮ ಒಂದು ಗಂಟೆಗೆ
ಸೌಟು ಎತ್ತಿ ಹಿಡಿದು ನಿಲ್ಲುತ್ತಿದ್ದಳು.
ಹಾರದ ತೋಪು ಹಾರಿ ಮುಗಿದ ಮೇಲೆಯೇ ಬಡಿಸುವುದು.
ನೀನೂ ನಿಲ್ಲು. ನಿನ್ನ ಅಂದಾಜಿಗೆ ಮುಳ್ಳು ತಿರುಗಿಸು.”

ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಬೈದುಕೊಂಡಳು.

ನನ್ನ ಊರಲ್ಲೂ ಇದೆ ಹಾಗೊಂದು, ಬುರುಜಿನ ಮೇಲೆ,
ಎಂದು ಕೊನೆಗೆ ಹಾರಿತೋ ಅಬ್ಬಾಗೂ ಗೊತ್ತಿರಲಿಲ್ಲ.
ರಣಬಿಸಿಲಲ್ಲೂ ತಣ್ಣಗಿರುವ ಅದರ ಮೈಗೆ ಕೈಯಿಟ್ಟು
ಜನ ಪಿಸುಗುಡುತ್ತಾರೆ: ಗಂಡುಮಗು, ನೌಕರಿ, ಕೋರ್ಟಿನ ತೀರ್ಪು.
ಅಬ್ಬಾ ಆ ಹೊತ್ತು ಬೆನ್ನು ತಿರುಗಿಸಿ
ಕುದುರೆಗೆ ನೀರು ಕುಡಿಸುತ್ತಿದ್ದ,
ಸವಾರಿಯ ಗುಟ್ಟು ಕಿವಿಗೆ ಬೀಳಬಾರದೆಂದು.

ಹೊಸ ಚೀಟಿ.
ಗುಡ್ಡ.
ಲೀತ್‌ನ ನೀರಿನ ದಂಡೆ; ಅವಳು ಹೇಳಿದ ಓಣಿ, ಇದ್ದರೆ.
ಒಂದು ಗಂಟೆ.
ಬುತ್ತಿಗೆ ಜೋಳದ ರೊಟ್ಟಿ ಎರಡು, ಶೇಂಗಾ ಹಿಂಡಿ,
ಒದ್ದೆ ಬಟ್ಟೆಯಲ್ಲಿ ಸುತ್ತಿ.
ಹೊರಡುವ ಮೊದಲು ಗಡಿಯಾರಕ್ಕೆ ಕೀಲಿ.
ಕೊಡೆ ಬೇಡ. ಆ ಗಾಳಿಗೆ ಉಳಿಯುವುದಿಲ್ಲವಂತೆ.