ಬೀಗದವನ ಹೆಸರು

ಬೆಳಿಗ್ಗೆ ಆರಕ್ಕೆ, ಕಾಫಿಗೂ ಮೊದಲು,
ನನ್ನ ಹೆಸರನ್ನು ನಾನೇ ಹುಡುಕುತ್ತೇನೆ.
ಅಬೀಲಿಯೊ ತವಾರೆಸ್, ಬೀಗ ರಿಪೇರಿ, ಸೆತೂಬಲ್.
ಒತ್ತಿದರೆ ಬಂದು ನಿಲ್ಲುತ್ತದೆ
ನಾಲ್ಕು ಪಾಯಿಂಟ್ ಒಂದು.
ನಿನ್ನೆಯೂ ಅಷ್ಟೇ ಇತ್ತು. ಸದ್ಯ.

ಕನ್ನಡಿ ನೋಡಿಕೊಂಡು ಎಷ್ಟೋ ದಿನವಾಯಿತು,
ಗಡ್ಡವನ್ನು ಕೈಯಂದಾಜಿನಲ್ಲೇ ಹೆರೆಯುತ್ತೇನೆ.

ಮೂವತ್ತೊಂದು ವರ್ಷ ಈ ಊರಿನ ಬಾಗಿಲು ತೆರೆದವನು.
ಮೀನುಡಬ್ಬಿ ಕಾರ್ಖಾನೆಯ ಉಗ್ರಾಣ,
ಗಂಡನ ಮೇಲೆ ಮುನಿದು ಚಿಲಕ ಹಾಕಿಕೊಂಡವಳ ಕೋಣೆ,
ಮೂರು ದಿನದಿಂದ ಯಾರೂ ಓಗೊಡದ ನಾಲ್ಕನೇ ಮಹಡಿ,
ಅಲ್ಲಿ ಪೊಲೀಸರು ನನ್ನ ಹಿಂದೆ ನಿಂತಿದ್ದರು ಮೂಗು ಮುಚ್ಚಿಕೊಂಡು.
ಒಳಗೆ ಕಂಡದ್ದನ್ನು ಹೊರಗೆ ಆಡಿದವನಲ್ಲ.
ಆಗೆಲ್ಲ ಹೆಸರು ಎಂದರೆ
ಬೇಕರಿಯಲ್ಲಿ ಯಾರೋ ಯಾರಿಗೋ ಹೇಳುವ ಒಂದು ಮಾತು.
ನನಗೆ ಕೇಳಿಸುತ್ತಿರಲಿಲ್ಲ,
ಕೇಳಿಸದ್ದರಿಂದ ನಿದ್ದೆ ಬರುತ್ತಿತ್ತು.

ಈಗ ಮಗಳು ಫಿಲೋಮೆನಾ
ನನ್ನ ಹೆಸರಿನ ಕೊರಳಿಗೆ ಗಂಟೆ ಕಟ್ಟಿಕೊಟ್ಟಿದ್ದಾಳೆ:
ಅದು ಯಾವ ಮೂಲೆಯಲ್ಲಿ ಅಲುಗಿದರೂ
ಫೋನು ಬಡಿಯುತ್ತದೆ.

ಮೊದಲ ಸಲ ಬಡಿದದ್ದು ಮಾರ್ಚಿನಲ್ಲಿ.
"ಕಳ್ಳ. ನಡುರಾತ್ರಿ ಮುದುಕಿಯಿಂದ ಮುನ್ನೂರು ಯೂರೊ ಕಿತ್ತ.
ಒಂದು ನಕ್ಷತ್ರವೂ ದಂಡ."
ಅದು ನಾನಲ್ಲ.
ಬ್ರಾಗಾದಲ್ಲಿ ಇನ್ನೊಬ್ಬ ಅಬೀಲಿಯೊ ತವಾರೆಸ್ ಇದ್ದಾನೆ,
ಅವನೂ ಬೀಗದವನೇ, ನಾನೂರು ಕಿಲೋಮೀಟರ್ ದೂರ.
ಅವನ ಮನೆ ಎಂದುಕೊಂಡು
ನನ್ನ ಬಾಗಿಲಿಗೆ ಉಗುಳಿ ಹೋಗಿದ್ದಾರೆ.

ಉತ್ತರ ಬರೆದೆ, ಅಳಿಸಿದೆ, ಬರೆದೆ.
"ಮಾನ್ಯ ಗ್ರಾಹಕರೇ, ತಾವು ತಪ್ಪು ಅಬೀಲಿಯೊನನ್ನು..."
ಓದಿದರೆ ಕಳ್ಳನೇ ಬರೆದ ಹಾಗಿತ್ತು.
ತೆಗೆಸಲು ಅರ್ಜಿ ಹಾಕಿದೆ. ಹನ್ನೊಂದು ಸಲ.
ಪ್ರತಿ ಸಲ ಒಂದು ಯಂತ್ರ ವಂದಿಸಿತು.

ಎಂಥ ಬೀಗವನ್ನೂ ತಂತಿಯಲ್ಲಿ ತೆರೆಯುವ ಕೈ ಇದು.
ಊರ ಬಾಯಿಗೆ ಹಾಕುವ ಬೀಗ ಮಾತ್ರ
ನನ್ನ ಅಂಗಡಿಯಲ್ಲೂ ಇಲ್ಲ.

ಆಮೇಲೆ ಅವನನ್ನು ಕಾಯತೊಡಗಿದೆ.
ಅವನ ಹೆಸರು ಕೆಟ್ಟರೆ ನನ್ನದೂ ಕೆಡುವುದರಿಂದ
ಹೆತ್ತವಳ ಹಾಗೆ ಕಾದೆ.
ಅವನು ತಡವಾಗಿ ಹೋದದ್ದು, ಕುಡಿದು ಹೋದದ್ದು,
ಹೊಸ ಕೀಲಿ ಎರಡು ದಿನಕ್ಕೆ ಮುರಿದದ್ದು.
ಒಮ್ಮೆ ಯಾರೋ "ಪರವಾಗಿಲ್ಲ" ಎಂದು ಮೂರು ನಕ್ಷತ್ರ ಕೊಟ್ಟಾಗ
ಹೆಂಡತಿಯನ್ನು ಕರೆದು ತೋರಿಸಿದೆ.
ಅವಳು ಪಾತ್ರೆ ಒರೆಸುತ್ತ ಕೇಳಿದಳು,
"ನಿನಗೋ, ಅವನಿಗೋ?"

ಮೊನ್ನೆ ಸೋಮವಾರ ಮತ್ತೆ ಬಡಿಯಿತು.
ಅಬೀಲಿಯೊ ತವಾರೆಸ್, ಅರವತ್ತೆರಡು, ನಿಧನ.
ಒಂದು ಕ್ಷಣ ನಾಡಿ ಹಿಡಿದು ನೋಡಿಕೊಂಡೆ, ನಿಜವಾಗಿ.
ಬುಧವಾರ ನಾಲ್ಕಕ್ಕೆ ಬ್ರಾಗಾದಲ್ಲಿ ಮಣ್ಣು.
ಕೆಳಗೆ ಜನ ಬರೆದಿದ್ದರು:
ನೆರೆ ಬಂದ ವರ್ಷ ಓಣಿಯ ಹದಿನಾಲ್ಕು ಬಾಗಿಲು ತೆರೆದ, ಕಾಸು ಮುಟ್ಟಲಿಲ್ಲ.
ಗಂಡ ನನ್ನನ್ನು ಹೊರಗೆ ಹಾಕಿದ ರಾತ್ರಿ ಹೊಸ ಬೀಗ ಕೂರಿಸಿ
ಕೀಲಿಯನ್ನು ನನ್ನ ಕೈಯಲ್ಲೇ ಇಟ್ಟ.
ಜೋರು ನಗು. ಹಾಡು ಮಾತ್ರ ಕರ್ಣಕಠೋರ.

ಇದೂ ನಾನಲ್ಲ.
ಇದನ್ನು ತೆಗೆಸಲು ಅರ್ಜಿ ಹಾಕುವ ಮನಸ್ಸಾಗಲಿಲ್ಲ.

ಎರಡು ದಿನ ನನ್ನ ಅಂಗಡಿಗೂ ಫೋನು ಬಂತು.
ಎತ್ತಿದರೆ ಆಚೆ ತುದಿಯಲ್ಲಿ ಉಸಿರು ನಿಲ್ಲುತ್ತಿತ್ತು.
"ಬದುಕಿದ್ದೀರಾ?"
ಇದ್ದೇನೆ, ನಾನು ಇನ್ನೊಬ್ಬ.
ಕಾಸಿಲ್ಡಾ ಎಂಬಾಕೆ, ದನಿ ತುಂಬ ಮುದಿ,
ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:
"ಆ ಮುನ್ನೂರು ಯೂರೊ, ಅದು ನಾನೇ. ಬರೆದದ್ದು ಮೊಮ್ಮಗ.
ಮಾರನೆಯ ದಿನ ಬಂದು ಇನ್ನೂರು ಹಿಂದಕ್ಕೆ ಕೊಟ್ಟುಹೋಗಿದ್ದ, ಪಾಪ.
ಅಳಿಸುವುದು ಹೇಗೆಂದು ಮೊಮ್ಮಗನಿಗೂ ಮರೆತಿದೆಯಂತೆ."

ಅದು ಇನ್ನೂ ಅಲ್ಲೇ ಇದೆ. ನಾಲ್ಕು ಪಾಯಿಂಟ್ ಒಂದು.
ಗಂಟೆ ಬಿಚ್ಚಿಬಿಡೋಣವೆಂದು ಫೋನು ಹಿಡಿದೆ,
ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ.
ಫಿಲೋಮೆನಾ ಭಾನುವಾರ ಬರುತ್ತಾಳೆ.

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಯಾರೋ:
ಬಾಗಿಲು ತಾನೇ ಹಾಕಿಕೊಂಡುಬಿಟ್ಟಿದೆ,
ಒಲೆಯ ಮೇಲೆ ಹಾಲಿದೆ, ಬೇಗ ಬನ್ನಿ!
ಹೆಸರು ಹಿಡಿದು ಕೂಗಲಿಲ್ಲ,
"ಬೀಗದವರೇ" ಎಂದರು.
ಚೀಲ ಎತ್ತಿಕೊಂಡೆ.